‘ಪೊಲೀಸ್ ಬೆಂಬಲ’ದ ಮೂರು ಅರ್ಥಗಳು: ನೆರೆಹೊರೆ ನಿಗಾ ಗುಂಪುಗಳ ಆರಂಭ ಕುರಿತು ಒಂದು ಟಿಪ್ಪಣಿ

1. ಪದದ ತೊಡಕು

ಇಂಗ್ಲಿಷಿನವರು ‘ನೇಬರ್‌ಹುಡ್ ವಾಚ್’ ಎನ್ನುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಪದ ನೆಲೆನಿಂತಿಲ್ಲ. ಬರವಣಿಗೆಯಲ್ಲಿ ‘ನೆರೆಹೊರೆ ಕಾವಲು’ ಕಾಣುತ್ತದೆ. ಠಾಣೆಯ ಮಾತಿನಲ್ಲಿ ‘ಬೀಟ್ ಸಮಿತಿ’, ‘ನಾಗರಿಕ ಸಮಿತಿ’ ಎಂಬ ಪದಗಳಿವೆ. ಬಡಾವಣೆಯವರು ‘ನಮ್ಮ ಏರಿಯಾ ಗ್ರೂಪು’ ಅನ್ನುತ್ತಾರೆ. ಇವೆಲ್ಲ ಒಂದೇ ವಸ್ತುವನ್ನು ಸೂಚಿಸುತ್ತವೆ ಎಂದು ಹೇಳಲಾಗದು.

‘ಕಾವಲು’ ಎಂಬ ಅನುವಾದದಲ್ಲಿ ಒಂದು ಸಮಸ್ಯೆ ಇದೆ. ಕಾವಲು ಎಂದೊಡನೆ ಕನ್ನಡದ ಕಿವಿಗೆ ಕೇಳುವುದು ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಕೂತವನ, ಕಣ ಕಾಯುವವನ ಚಿತ್ರ. ಅವನ ಕೆಲಸ ನೋಡುವುದಷ್ಟೇ ಅಲ್ಲ. ತಡೆಯುವುದು, ಓಡಿಸುವುದು, ಸಿಕ್ಕರೆ ಹಿಡಿಯುವುದು. ‘ಗಸ್ತು’ ಪರ್ಷಿಯನ್ ಮೂಲದ್ದು, ಸುತ್ತು ಹೊಡೆಯುವುದನ್ನು ಹೇಳುತ್ತದೆ. ‘ಪಹರೆ’ಯ ಹಿಂದೆ ‘ಪ್ರಹರ’ ಎಂಬ ಕಾಲಮಾನವಿದೆ. ಇಂಗ್ಲಿಷ್ ಯೋಜನೆಯ ಮೂಲ ಕಲ್ಪನೆಯಾದರೋ ಪೊಲೀಸರ ‘ಕಣ್ಣು ಮತ್ತು ಕಿವಿ’ ಆಗುವುದಕ್ಕೆ ಸೀಮಿತ: ನೋಡಿ, ತಿಳಿಸಿ. ಕೈಯ ಪ್ರಸ್ತಾಪ ಅಲ್ಲಿಲ್ಲ.

ಹಾಗಾಗಿ ಈ ಟಿಪ್ಪಣಿಯಲ್ಲಿ ‘ನಿಗಾ ಗುಂಪು’ ಎಂಬ ಪದವನ್ನು ಬಳಸಲಾಗಿದೆ. ‘ನಿಗಾ’ ಕೂಡ ಪರ್ಷಿಯನ್ನಿನಿಂದಲೇ ಬಂದದ್ದು, ಅಲ್ಲಿ ಅದರ ಅರ್ಥ ನೋಟ. ‘ಸ್ವಲ್ಪ ನಿಗಾ ಇಡಿ’ ಎಂದು ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಹೇಳುವಾಗ ಕಳ್ಳನನ್ನು ಹಿಡಿದುಕೊಡಿ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಕಾವಲಿಗೂ ನಿಗಾಕ್ಕೂ ಇರುವ ಈ ಅಂತರವೇ ಮುಂದಿನ ವಿಭಾಗಗಳಲ್ಲಿ ಕಾನೂನಿನ ಅಂತರವಾಗಿಯೂ ಕಾಣಿಸುತ್ತದೆ.

2. ಆರಂಭದ ತೇದಿಗಳು

ಈ ಬಗೆಯ ಗುಂಪುಗಳ ಹುಟ್ಟನ್ನು ಹೇಳುವ ಬರಹಗಳು ಸಾಮಾನ್ಯವಾಗಿ ನಾಲ್ಕು ತೇದಿಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ: 1964, 1972, 1982, 1983. ನಾಲ್ಕೂ ಬೇರೆ ಬೇರೆ ಸಂಗತಿಗಳ ತೇದಿಗಳು.

1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕಿಟ್ಟಿ ಜಿನೊವೀಸ್ ಎಂಬ 28ರ ಹರೆಯದ ಮಹಿಳೆಯ ಕೊಲೆಯಾಯಿತು. ಎರಡು ವಾರಗಳ ನಂತರ, ಮಾರ್ಚ್ 27ರಂದು, ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಬಂದ ವರದಿ ನೆರೆಯವರ ನಿಷ್ಕ್ರಿಯತೆಯ ಕಥೆಯಾಗಿ ಜಗತ್ತನ್ನು ಸುತ್ತಿತು. ಆ ವರದಿಯ ಒಳಗೇ ಒಂದು ವ್ಯತ್ಯಾಸವಿದೆ. ತಲೆಬರಹದಲ್ಲಿ ಸಾಕ್ಷಿಗಳ ಸಂಖ್ಯೆ 37, ಮೊದಲ ವಾಕ್ಯದಲ್ಲಿ 38. ನಂತರದ ಪಠ್ಯಪುಸ್ತಕಗಳು 38ನ್ನು ಉಳಿಸಿಕೊಂಡವು. 2007ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಪ್ರಕಟವಾದ ಮ್ಯಾನಿಂಗ್, ಲೆವೀನ್ ಮತ್ತು ಕಾಲಿನ್ಸ್ ಅವರ ಲೇಖನವು, 38 ಮಂದಿ ಕಿಟಕಿಯಲ್ಲಿ ನಿಂತು ನೋಡುತ್ತ ಸುಮ್ಮನಿದ್ದರು ಎಂಬುದಕ್ಕೆ ಆಧಾರ ಸಿಗುವುದಿಲ್ಲ ಎಂದು ತೋರಿಸಿತು. 2016ರಲ್ಲಿ ಅದೇ ದಿನಪತ್ರಿಕೆ ತನ್ನ ಹಳೆಯ ವರದಿ ದೋಷಪೂರ್ಣವಾಗಿತ್ತು ಎಂದು ಒಪ್ಪಿಕೊಂಡಿತು. ಕೊಲೆ ನಡೆದ ಕಾಲದಲ್ಲಿ ಅಮೆರಿಕದಲ್ಲಿ ಒಂದೇ ತುರ್ತು ಕರೆ ಸಂಖ್ಯೆ ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. 911ರ ಮೊದಲ ಕರೆ ಹೋದದ್ದು 1968ರ ಫೆಬ್ರುವರಿಯಲ್ಲಿ. ಒಟ್ಟಿನಲ್ಲಿ 1964 ನಿಗಾ ಗುಂಪುಗಳು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆಯ ತೇದಿ. ಸಂಸ್ಥೆಯ ತೇದಿಯಾಗಿ ಅದನ್ನು ಬಳಸುವುದು ಸೂಕ್ತವಲ್ಲ.

1972 ಅಮೆರಿಕದ ರಾಷ್ಟ್ರೀಯ ಶೆರಿಫರ ಸಂಘ ತನ್ನ ಕಾರ್ಯಕ್ರಮವನ್ನು ಆರಂಭಿಸಿದ ವರ್ಷ. ಸಿಯಾಟಲ್ ನಗರದ ಕಾರ್ಯಕ್ರಮ ಮರುವರ್ಷದ್ದು. ಬ್ರಿಟನ್ನಿನ ಮೊದಲ ಗುಂಪು ಎಂದು ಸಾಮಾನ್ಯವಾಗಿ ಒಪ್ಪಲಾಗುವುದು ಚೆಷೈರಿನ ಮಾಲಿಂಗ್ಟನ್ ಎಂಬ ಹಳ್ಳಿಯಲ್ಲಿ 1982ರಲ್ಲಿ ಹುಟ್ಟಿದ್ದು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಕಮಿಷನರ್ ಕೆನೆತ್ ನ್ಯೂಮನ್ ಅವರ ಕಾಲದಲ್ಲಿ, 1983ರಲ್ಲಿ, ಇದನ್ನು ಇಲಾಖೆಯ ಯೋಜನೆಯಾಗಿ ತಂದರು. ಅಂದರೆ 1982 ಒಂದು ಹಳ್ಳಿಯ ತೇದಿ, 1983 ಒಂದು ಇಲಾಖೆಯ ತೇದಿ. ‘ಪೊಲೀಸರ ಬೆಂಬಲದೊಂದಿಗೆ ಆರಂಭವಾದದ್ದು ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ‘ಬೆಂಬಲ’ ಎಂಬ ಪದದ ಅರ್ಥವನ್ನು ಅವಲಂಬಿಸಿದೆ.

3. ಅಳತೆಗಳು, ಹಾಗೂ ಅವುಗಳ ಜಗಳ

ನಿಗಾ ಗುಂಪಿನಿಂದ ಅಪರಾಧ ಇಳಿಯುತ್ತದೆಯೇ? ಪ್ರಕಟಿತ ಉತ್ತರಗಳು ಪರಸ್ಪರ ವಿರುದ್ಧವಾಗಿವೆ. ವಿರೋಧದ ಕಾರಣವನ್ನು ಬಹುಮಟ್ಟಿಗೆ ಗುರುತಿಸಬಹುದು.

ಟ್ರೆವರ್ ಬೆನೆಟ್ ಲಂಡನ್ನಿನ ಆಕ್ಟನ್ ಮತ್ತು ವಿಂಬಲ್ಡನ್ ಪ್ರದೇಶಗಳಲ್ಲಿ ನಡೆಸಿ 1990ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಾಧ ಇಳಿದ ಲಕ್ಷಣ ಕಾಣಲಿಲ್ಲ. ಡೆನಿಸ್ ರೋಸೆನ್‌ಬಾಮ್ ಅವರ ಷಿಕಾಗೊ ಅಧ್ಯಯನ ಮತ್ತು 1987ರ ಲೇಖನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಸಭೆಗಳು ಭಯವನ್ನು ಹೆಚ್ಚಿಸುವ ಸಾಧ್ಯತೆಯನ್ನು ಎತ್ತಿದವು. 1997ರಲ್ಲಿ ಲಾರೆನ್ಸ್ ಷರ್ಮನ್ ಮತ್ತು ಸಂಗಡಿಗರು ಅಮೆರಿಕದ ಕಾಂಗ್ರೆಸ್ಸಿಗಾಗಿ ಸಿದ್ಧಪಡಿಸಿದ ವರದಿ, ‘ಪೊಲೀಸರೊಂದಿಗೆ ಸಂಘಟಿತವಾದ’ ನಿಗಾ ಗುಂಪುಗಳನ್ನು ‘ಕೆಲಸ ಮಾಡದವು’ ಎಂಬ ಪಟ್ಟಿಗೇ ಸೇರಿಸಿತು. ಅಪರಾಧ ಹೆಚ್ಚಿರುವ ಪ್ರದೇಶಗಳಲ್ಲಿ ಸ್ವಯಂಪ್ರೇರಿತ ಭಾಗವಹಿಸುವಿಕೆ ಕುಸಿದುಬೀಳುತ್ತದೆ ಎಂಬುದು ಅದರ ವಿಶೇಷ ಆಕ್ಷೇಪ.

ಇದಕ್ಕೆ ಎದುರಾಗಿ ಬೆನೆಟ್ ಅವರೇ ಹಾಲೊವೇ ಮತ್ತು ಫ್ಯಾರಿಂಗ್ಟನ್ ಜೊತೆ 2006ರಲ್ಲಿ ಲೇಖನವಾಗಿಯೂ 2008ರಲ್ಲಿ ಕ್ಯಾಂಪ್‌ಬೆಲ್ ಸಮೀಕ್ಷೆಯಾಗಿಯೂ ಪ್ರಕಟಿಸಿದ ಸಂಗ್ರಹ ವಿಶ್ಲೇಷಣೆ, 18 ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ, ಗುಂಪುಗಳಿರುವೆಡೆ ಅಪರಾಧ ಶೇ 16ರಿಂದ 26ರಷ್ಟು ಕಡಿಮೆ ಎಂದಿತು. ಈ ಎರಡು ಅಂಕಿಗಳನ್ನು ಒಂದು ಅಂದಾಜಿನ ಕೆಳ ಮತ್ತು ಮೇಲಿನ ಅಂಚುಗಳೆಂದು ಓದುವ ರೂಢಿ ಬೆಳೆದಿದೆ. ಅದು ಸರಿಯಲ್ಲ. 16 ಮತ್ತು 26 ಎರಡು ಬೇರೆ ಬೇರೆ ಸಂಖ್ಯಾಶಾಸ್ತ್ರೀಯ ಮಾದರಿಗಳಿಂದ ಬಂದ ಎರಡು ಸರಾಸರಿಗಳು. ಒಂದು ಸ್ಥಿರ ಪರಿಣಾಮದ ಮಾದರಿ, ಇನ್ನೊಂದು ಯಾದೃಚ್ಛಿಕ ಪರಿಣಾಮದ ಮಾದರಿ. ದೊಡ್ಡ ಅಧ್ಯಯನಗಳಿಗೆ ಎಷ್ಟು ತೂಕ ಕೊಡುತ್ತೀರಿ ಎಂಬುದರ ಮೇಲೆ ಫಲಿತಾಂಶ ಹತ್ತು ಅಂಶಗಳಷ್ಟು ಸರಿದಾಡುತ್ತದೆ.

1997 ಮತ್ತು 2006ರ ನಡುವಿನ ವಿರೋಧ ಬಹುಶಃ ಇಲ್ಲಿಯೇ ಕರಗುತ್ತದೆ. ಮೊದಲನೆಯದು, ಒಂದು ಮಟ್ಟದ ಕಟ್ಟುನಿಟ್ಟನ್ನು ದಾಟಿದ ಎರಡು ಅಧ್ಯಯನಗಳಲ್ಲಿ ಪರಿಣಾಮ ಕಾಣದಿದ್ದರೆ ಆ ಕ್ರಮವನ್ನು ನಿಷ್ಫಲವೆಂದು ಪಟ್ಟಿಮಾಡುವ ವಿಧಾನ. ಎರಡನೆಯದು, ಎಲ್ಲ ಅಧ್ಯಯನಗಳ ಪರಿಣಾಮವನ್ನು ಒಂದೇ ತಕ್ಕಡಿಗೆ ಹಾಕುವ ವಿಧಾನ. ಎರಡೂ ಪ್ರಾಮಾಣಿಕವಾಗಿದ್ದೂ ಬೇರೆ ಉತ್ತರ ಕೊಡಬಹುದು.

ವ್ಯಾಪ್ತಿಯ ಅಂಕಿಗಳಲ್ಲೂ ಎಚ್ಚರ ಬೇಕು. 2000ದ ಸುಮಾರಿಗೆ ಅಮೆರಿಕದಲ್ಲಿ ಶೇ 41, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶೇ 27 ಎಂಬ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ‘ಅಮೆರಿಕದಲ್ಲಿ ಹೆಚ್ಚು’ ಎನ್ನಲಾಗುತ್ತದೆ. 41 ಎಂಬುದು ಗುಂಪು ಇರುವ ಪ್ರದೇಶಗಳಲ್ಲಿ ವಾಸಿಸುವ ಜನರ ಪ್ರಮಾಣ. 27 ಎಂಬುದು ಸದಸ್ಯರಾದ ಮನೆಗಳ ಪ್ರಮಾಣ, ಸುಮಾರು 60 ಲಕ್ಷ ಮನೆಗಳು. ಒಂದರಲ್ಲಿ ತಲೆ ಎಣಿಸಿದ್ದಾರೆ, ಇನ್ನೊಂದರಲ್ಲಿ ಒಲೆ ಎಣಿಸಿದ್ದಾರೆ. ಇವನ್ನು ಹೋಲಿಸಲು ಬರುವುದಿಲ್ಲ.

ಬ್ರಿಟಿಷ್ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶ ಇಲ್ಲಿ ಹೆಚ್ಚು ಮುಖ್ಯ: ಸದಸ್ಯತ್ವ ದಟ್ಟವಾಗಿರುವುದು ಅನುಕೂಲಸ್ಥರ, ಮೊದಲೇ ಕಳ್ಳತನ ಕಡಿಮೆ ಇರುವ ಬೀದಿಗಳಲ್ಲಿ. ಆದ್ದರಿಂದ ‘ಗುಂಪು ಇರುವಲ್ಲಿ ಕಳ್ಳತನ ಕಡಿಮೆ’ ಎಂಬ ಬರಿಯ ಹೋಲಿಕೆಗೆ ಬೆಲೆಯಿಲ್ಲ. ಮೇಲಿನ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕ ಮತ್ತು ಬ್ರಿಟನ್ನಿನವು ಎಂಬುದೂ ಗಮನಾರ್ಹ. ಸಂಜೆಯಾದರೂ ಬೀದಿಯಲ್ಲಿ ಹೂವಿನವಳು, ಇಸ್ತ್ರಿಯವನು, ಮೂಲೆಯ ಬೀಡಾ ಅಂಗಡಿ ಇರುವ ಊರಿಗೆ ಆ ಶೇಕಡಾವಾರುಗಳನ್ನು ಎತ್ತಿ ತರುವುದು ದುಡುಕಾದೀತು.

4. ಕರ್ನಾಟಕದ ಶಾಸನಗಳು, 1961–64

ಕನ್ನಡ ನಾಡಿನಲ್ಲಿ ಊರಿನ ನಿಗಾ ಬಹುಕಾಲ ಒಂದು ಹುದ್ದೆಯಾಗಿತ್ತು. ‘ತಳಾರ’, ‘ತಳವಾರ’ ಶಾಸನಗಳ ಕಾಲದಿಂದ ಪರಿಚಿತ ಪದಗಳು. ಮೈಸೂರು ಸಂಸ್ಥಾನದ 1908ರ ಗ್ರಾಮ ಹುದ್ದೆಗಳ ಕಾಯಿದೆಯ ಕಾಲದಲ್ಲಿ ತಳವಾರ, ತೋಟಿ, ನೀರಗಂಟಿಗಳು ಪಟೇಲ-ಶಾನುಭೋಗರ ಕೆಳಗಿನ ಗ್ರಾಮ ಸೇವಕರು. ವಂಶಪಾರಂಪರ್ಯವಾಗಿ ಬಂದ ಆ ಕೆಲಸಕ್ಕೆ ಇನಾಂ ಜಮೀನು ಇರುತ್ತಿತ್ತು. ಇದನ್ನು ‘ಸಮುದಾಯದ ಸ್ವಯಂಸೇವೆ’ ಎಂದು ಕರೆಯುವ ಇತ್ತೀಚಿನ ಒಲವು ಒಪ್ಪತಕ್ಕದ್ದಲ್ಲ. ಅದು ಜಾತಿ ಮತ್ತು ಭೂಮಿಗೆ ಕಟ್ಟಿಹಾಕಿದ ಚಾಕರಿ. ಇಡೀ ಊರು ಮಲಗಿದ್ದಾಗ ಒಂದು ಮನೆತನ ಎಚ್ಚರವಿರಬೇಕಾಗಿತ್ತು.

ಏಕೀಕರಣದ ನಂತರ ನಾಲ್ಕು ವರ್ಷಗಳ ಅಂತರದಲ್ಲಿ ನಾಲ್ಕು ಶಾಸನಗಳು ಬಂದವು: ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ, 1961, ಗೃಹರಕ್ಷಕ ದಳದ ಅಧಿನಿಯಮ, 1962, ಪೊಲೀಸ್ ಅಧಿನಿಯಮ, 1963, ಗ್ರಾಮ ರಕ್ಷಣಾ ದಳಗಳ ಅಧಿನಿಯಮ, 1964. ಇವುಗಳ ವರ್ಷವನ್ನು ಉಲ್ಲೇಖಿಸುವಲ್ಲಿ ಮೂರು ಬಗೆಯ ಗೊಂದಲಗಳು ಕಾಣುತ್ತವೆ. ಮೊದಲನೆಯದು, 1961ರ ಅಧಿನಿಯಮ ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು. ಇನಾಂ ಜಮೀನಿನ ವ್ಯಾಜ್ಯಗಳಲ್ಲಿ ಲೆಕ್ಕಕ್ಕೆ ಬರುವುದು ಈ ಎರಡನೆಯ ತೇದಿ. ಎರಡನೆಯದು, ಪೊಲೀಸ್ ಅಧಿನಿಯಮದ ಹೆಸರಿನಲ್ಲಿರುವುದು 1963. ಆದರೆ ಅದರ ಕ್ರಮಸಂಖ್ಯೆ 1964ರ 4. ಬರಹಗಾರರು ಎರಡನ್ನೂ ಬಳಸುವುದರಿಂದ ಓದುಗರಿಗೆ ಎರಡು ಕಾನೂನುಗಳಿವೆಯೇನೋ ಅನ್ನಿಸಬಹುದು. ಮೂರನೆಯದು, ಅಂದಿನ ರಾಜ್ಯದ ಹೆಸರು ಮೈಸೂರು. 1973ರ ನವೆಂಬರ್ 1ರ ನಂತರ ಶೀರ್ಷಿಕೆಗಳಲ್ಲಿ ‘ಮೈಸೂರು’ ಹೋಗಿ ‘ಕರ್ನಾಟಕ’ ಬಂತು. ಆದ್ದರಿಂದ ‘ಕರ್ನಾಟಕ … ಅಧಿನಿಯಮ, 1964’ ಎಂಬ ಹೆಸರು 1964ರಲ್ಲಿ ಇರಲಿಲ್ಲ.

ತಳವಾರಿಕೆ ಕಾನೂನಿನಿಂದ ಹೋದ ಮರುವರ್ಷವೇ ಗ್ರಾಮ ರಕ್ಷಣಾ ದಳದ ಕಾನೂನು ಬಂದದ್ದನ್ನು ನೋಡಿ, ಒಂದರ ಜಾಗಕ್ಕೆ ಇನ್ನೊಂದು ಬಂತು ಎಂದು ಊಹಿಸುವುದು ಸುಲಭ. ಊಹೆ ಆಕರ್ಷಕವಾಗಿದೆ, ಆದರೆ ತೇದಿಗಳ ಸಾಮೀಪ್ಯಕ್ಕೆ ಬೇರೆ ವಿವರಣೆಯೂ ಇದೆ. 1956ರ ಹೊಸ ರಾಜ್ಯದಲ್ಲಿ ಹಳೆಯ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಭಾಗಗಳಿಗೆ ಬೇರೆ ಬೇರೆ ಕಾನೂನುಗಳಿದ್ದವು. ಬೆಳಗಾವಿ-ಧಾರವಾಡದ ಕಡೆ 1951ರ ಮುಂಬೈ ಪೊಲೀಸ್ ಕಾಯಿದೆ ನಡೆಯುತ್ತಿತ್ತು. ಅವನ್ನೆಲ್ಲ ಒಂದೇ ಅಚ್ಚಿಗೆ ತರುವ ಕೆಲಸ 1960ರ ದಶಕದ ಮೊದಲ ಭಾಗದಲ್ಲಿ ಭರದಿಂದ ನಡೆದಿತ್ತು. ಸಾಲಾಗಿ ಬಂದವೆಲ್ಲ ಸರಪಳಿಯಲ್ಲ.

5. ‘ಬೆಂಬಲ’ದ ಮೂರು ಅರ್ಥ

ಇಂದು ಒಂದು ಬಡಾವಣೆಯವರು ‘ನಮಗೆ ಪೊಲೀಸ್ ಬೆಂಬಲವಿದೆ’ ಎಂದಾಗ ಅದು ಕೆಳಗಿನ ಮೂರರಲ್ಲಿ ಯಾವುದೂ ಆಗಿರಬಹುದು.

(ಅ) ಪರಿಚಯ. ಠಾಣಾಧಿಕಾರಿ ಒಂದು ಸಭೆಗೆ ಬಂದು ಮಾತಾಡಿದ್ದಾರೆ, ಬೀಟ್ ಸಿಬ್ಬಂದಿಯ ಮೊಬೈಲ್ ಸಂಖ್ಯೆ ಕೊಟ್ಟಿದ್ದಾರೆ. ಗುಂಪಿನವರ ಕಾನೂನು ಸ್ಥಾನದಲ್ಲಿ ಕಿಂಚಿತ್ತೂ ಬದಲಾವಣೆ ಇಲ್ಲ. ಮೂರನೆಯ ವಿಭಾಗದ ಅಧ್ಯಯನಗಳೆಲ್ಲ ಹೆಚ್ಚುಕಡಿಮೆ ಈ ಬಗೆಯ ಅಥವಾ ಮುಂದಿನ (ಆ) ಬಗೆಯ ಗುಂಪುಗಳಿಗೇ ಸಂಬಂಧಿಸಿದವು.

(ಆ) ಇಲಾಖೆಯ ಯೋಜನೆ. ಕೇರಳದ ‘ಜನಮೈತ್ರಿ ಸುರಕ್ಷಾ’ 2008ರ ಮಾರ್ಚ್ 26ರಂದು 20 ಠಾಣೆಗಳಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ 2013ರ ಆಸುಪಾಸಿನಲ್ಲಿ ಜನಾಗ್ರಹ ಸಂಸ್ಥೆ ಮತ್ತು ನಗರ ಪೊಲೀಸರು ಸೇರಿ ನಡೆಸಿದ ಪ್ರಯೋಗದಲ್ಲಿ ‘ಏರಿಯಾ ಸುರಕ್ಷಾ ಮಿತ್ರ’ರೆಂಬ ಸ್ವಯಂಸೇವಕರಿದ್ದರು. 2017ರಲ್ಲಿ ರೂಪಕ್ ಕುಮಾರ್ ದತ್ತಾ ರಾಜ್ಯ ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ ಬಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಪ್ರತಿ ಬೀಟಿಗೂ ನಾಗರಿಕ ಸದಸ್ಯರನ್ನು ಸೇರಿಸಲಾಯಿತು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಬಂತು. ಅದರಲ್ಲಿ ಚಲನೆಯ ದಿಕ್ಕು ತಿರುಗಿದೆ, ಪೊಲೀಸರೇ ಮನೆ ಬಾಗಿಲಿಗೆ ಹೋಗಬೇಕು. ಇವೆಲ್ಲ ಆಡಳಿತಾತ್ಮಕ ಏರ್ಪಾಡುಗಳು. ಗುರುತಿನ ಚೀಟಿ ಸಿಕ್ಕರೂ ಅಧಿಕಾರ ಸಿಗುವುದಿಲ್ಲ. ಅಧಿಕಾರಿ ವರ್ಗವಾದಾಗ ಯೋಜನೆಯ ಆಯಸ್ಸೂ ಪ್ರಶ್ನೆಗೆ ಬೀಳಬಹುದು.

(ಇ) ಶಾಸನಬದ್ಧ ನೇಮಕ. ಗ್ರಾಮ ರಕ್ಷಣಾ ದಳ, ಗೃಹರಕ್ಷಕ ದಳ, ವಿಶೇಷ ಪೊಲೀಸ್ ಅಧಿಕಾರಿ ಇವು ಮಾತ್ರ ಈ ವರ್ಗಕ್ಕೆ ಸೇರುತ್ತವೆ. ಇಲ್ಲಿ ಅಧಿಕಾರವಿದೆ, ಜೊತೆಗೇ ನೇಮಿಸಿದ ಅಧಿಕಾರಿಯ ಹತೋಟಿಯೂ ಇದೆ. ಸೋರಾಬ್ಜಿ ಸಮಿತಿಯ 2006ರ ಮಾದರಿ ಪೊಲೀಸ್ ಮಸೂದೆಯೂ ಗ್ರಾಮ ರಕ್ಷಣಾ ದಳವನ್ನೂ ಸಮುದಾಯ ಸಂಪರ್ಕ ಗುಂಪನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ವಿಶೇಷ ಪೊಲೀಸ್ ಅಧಿಕಾರಿಗಳ ನೇಮಕಕ್ಕೂ ಮಿತಿಯುಂಟು ಎಂಬುದನ್ನು ಸುಪ್ರೀಂ ಕೋರ್ಟು ನಂದಿನಿ ಸುಂದರ್ ಪ್ರಕರಣದಲ್ಲಿ, 2011ರ ಜುಲೈ 5ರಂದು ಹೇಳಿತು. ಅದು ಛತ್ತೀಸಗಡದ ಸಶಸ್ತ್ರ ಯುವಕರ ಪ್ರಕರಣ. ಅದನ್ನು ಬಡಾವಣೆಯ ನಿವೃತ್ತರ ಗುಂಪಿಗೆ ಅನ್ವಯಿಸುವುದು ಅತಿವ್ಯಾಪ್ತಿಯಾದೀತು.

ಮೂರರ ನಡುವಿನ ಗೆರೆ ಅಳಿಸಿಹೋದರೆ ಏನಾಗಬಹುದೆಂಬುದಕ್ಕೆ ತಮಿಳುನಾಡಿನ ‘ಫ್ರೆಂಡ್ಸ್ ಆಫ್ ಪೊಲೀಸ್’ ಒಂದು ನಿದರ್ಶನ. ಪ್ರತೀಪ್ ಫಿಲಿಪ್ ರಾಮನಾಥಪುರದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ಹುಟ್ಟುಹಾಕಿದ್ದು. ವರ್ಷವನ್ನು ಕೆಲವರು 1993 ಎಂದೂ ಕೆಲವರು 1994 ಎಂದೂ ಬರೆಯುತ್ತಾರೆ. 2020ರ ಜೂನ್‌ನಲ್ಲಿ ಸಾತಾನ್‌ಕುಳಂನಲ್ಲಿ ತಂದೆ-ಮಗ ಇಬ್ಬರು ವ್ಯಾಪಾರಿಗಳು ಪೊಲೀಸ್ ವಶದಲ್ಲಿ ಹಿಂಸೆಗೊಳಗಾಗಿ ಸತ್ತ ಪ್ರಕರಣದಲ್ಲಿ ಈ ಹೆಸರಿನ ಸ್ವಯಂಸೇವಕರ ಪಾತ್ರದ ಬಗ್ಗೆ ಆರೋಪಗಳೆದ್ದವು. ಸಂಘಟಕರು ಅದನ್ನು ನಿರಾಕರಿಸಿದರು. ಜುಲೈ ತಿಂಗಳಲ್ಲಿ ರಾಜ್ಯ ಸರ್ಕಾರ ಈ ವ್ಯವಸ್ಥೆಯನ್ನೇ ನಿಷೇಧಿಸಿತು. ಆರೋಪದ ಸತ್ಯಾಸತ್ಯತೆ ಏನೇ ಇರಲಿ, ಠಾಣೆಯೊಳಗೆ ಓಡಾಡುವ ಸ್ವಯಂಸೇವಕ (ಅ), (ಆ), (ಇ)ಗಳಲ್ಲಿ ಯಾರು ಎಂಬುದನ್ನು ಹೊರಗಿನವರು ಗುರುತಿಸಲಾಗದ ಸ್ಥಿತಿ ಅಲ್ಲಿತ್ತು.

6. ಹಿಡಿಯಬಹುದೇ?

ಆರಂಭದ ಸಭೆಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವ ಪ್ರಶ್ನೆ ಇದು. 2024ರ ಜುಲೈ 1ರವರೆಗೆ ಉತ್ತರ ಇದ್ದದ್ದು ದಂಡ ಪ್ರಕ್ರಿಯಾ ಸಂಹಿತೆಯ 43ನೆಯ ಕಲಮಿನಲ್ಲಿ. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು. ಯಾವುದೇ ಖಾಸಗಿ ವ್ಯಕ್ತಿ, ತನ್ನ ಸಮ್ಮುಖದಲ್ಲಿ ಜಾಮೀನು ರಹಿತವೂ ಸಂಜ್ಞೇಯವೂ ಆದ ಅಪರಾಧ ಮಾಡಿದವನನ್ನು, ಅಥವಾ ಘೋಷಿತ ಅಪರಾಧಿಯನ್ನು ಬಂಧಿಸಬಹುದು. ಎರಡು ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮುಖ್ಯ ವ್ಯತ್ಯಾಸ ಒಂದೇ. ‘ಅನಗತ್ಯ ವಿಳಂಬವಿಲ್ಲದೆ’ ಪೊಲೀಸರಿಗೆ ಒಪ್ಪಿಸಬೇಕು ಎಂಬಲ್ಲಿ ಹೊಸದಾಗಿ ‘ಆರು ಗಂಟೆಯೊಳಗೆ’ ಎಂಬುದು ಸೇರಿದೆ. ‘ಆರು ಗಂಟೆ ಇಟ್ಟುಕೊಳ್ಳಬಹುದು’ ಎಂಬ ಓದು ತಪ್ಪು. ವಿಳಂಬದ ನಿಷೇಧ ಹಾಗೆಯೇ ಇದೆ, ಆರು ಗಂಟೆ ಅದರ ಹೊರ ಅಂಚು.

‘ಸಮ್ಮುಖದಲ್ಲಿ’ ಎಂಬ ಪದ ಕ್ಯಾಮೆರಾದಲ್ಲಿ ನೋಡಿದ್ದನ್ನು ಒಳಗೊಳ್ಳುವುದು ಸಂದೇಹಾಸ್ಪದ. ಅನುಮಾನವಂತೂ ಖಂಡಿತ ಸಾಲದು. ‘ಜಾಮೀನು ರಹಿತ ಹಾಗೂ ಸಂಜ್ಞೇಯ’ ಎಂಬ ಜೋಡಿ ಷರತ್ತು ಹೊಸ ಕಾನೂನಿನಲ್ಲಿ ಇನ್ನಷ್ಟು ಸೂಕ್ಷ್ಮವಾಗಿದೆ. ಭಾರತೀಯ ನ್ಯಾಯ ಸಂಹಿತೆಯ 303(2)ರಂತೆ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಯ ತಪ್ಪಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ; ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಅದು ಅಸಂಜ್ಞೇಯ, ಜಾಮೀನು ಸಹಿತ. ವಾಸದ ಮನೆಯೊಳಗಿನ ಕಳವು 305ರಲ್ಲಿ ಬೇರೆಯಾಗಿದೆ. ಬೀದಿಯಲ್ಲಿ ನಿಲ್ಲಿಸಿದ ಮೂರು ಸಾವಿರದ ಸೈಕಲ್ಲನ್ನು ರಾತ್ರಿ ಎರಡು ಗಂಟೆಗೆ ತಳ್ಳಿಕೊಂಡು ಹೋಗುತ್ತಿರುವವನು ಮೊದಲ ಬಾರಿಯವನೋ ಹಳಬನೋ ಎಂದು ಟಾರ್ಚ್ ಬಿಟ್ಟು ನೋಡಿ ತಿಳಿಯುವುದು ಹೇಗೆ? ಖಾಸಗಿ ಬಂಧನದ ಅಧಿಕಾರ ಇಂಥಲ್ಲಿ ಕಾಗದದ ಮೇಲೆ ಕಾಣುವುದಕ್ಕಿಂತ ತೀರ ಕಿರಿದು.

ನಿಗಾ ಗುಂಪಿಗೆ ಹೆಚ್ಚು ಸಂಬಂಧಿಸಿದವು ನಾಗರಿಕ ಸುರಕ್ಷಾ ಸಂಹಿತೆಯ 31 ಮತ್ತು 33ನೆಯ ಕಲಮುಗಳು. ಪೊಲೀಸರು ಯುಕ್ತವಾಗಿ ಕೇಳಿದಾಗ ಕೆಲವು ಸಂದರ್ಭಗಳಲ್ಲಿ ನೆರವಾಗುವುದು, ಕೆಲವು ಗುರುತರ ಅಪರಾಧಗಳ ಮಾಹಿತಿ ಕೊಡುವುದು ಪ್ರತಿಯೊಬ್ಬ ನಾಗರಿಕನ ಹೊಣೆ. ಗುಂಪಿಗೆ ಸೇರಿರಲಿ, ಸೇರದಿರಲಿ.

7. ಮೇ ಮತ್ತು ಜುಲೈ, 2018

ನೋಡಿ-ತಿಳಿಸುವ ಜಾಲ ತಡೆದು-ಹಿಡಿಯುವ ಜಾಲವಾಗಿ ತಿರುಗಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಕರ್ನಾಟಕದ್ದೇ ಎರಡು ಪ್ರಕರಣಗಳಿವೆ. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಇಂಜಿನಿಯರೊಬ್ಬರು ಅದೇ ರೀತಿ ಸತ್ತರು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು.

ಎರಡನೆಯದರ ಕ್ರಮವನ್ನು ವರದಿಗಳಿಂದ ಹೀಗೆ ಕಟ್ಟಬಹುದು. ಹತ್ತಿರದ ಊರೊಂದರಲ್ಲಿ ಕಾರು ನಿಲ್ಲಿಸಿದ್ದವರಲ್ಲಿ ಒಬ್ಬರು ಮಕ್ಕಳಿಗೆ ಚಾಕಲೇಟು ಹಂಚಿದರು. ಊರವರಿಗೆ ಅನುಮಾನ ಬಂತು. ಕಾರು ಹೊರಟಿತು. ಸುದ್ದಿ ವಾಟ್ಸ್ಆ್ಯಪ್ ಮತ್ತು ಫೋನಿನ ಮೂಲಕ ಕಾರಿಗಿಂತ ಮೊದಲೇ ಮುರ್ಕಿ ತಲುಪಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಲಾಗಿತ್ತು. ಇದರ ಮೊದಲ ಅರ್ಧ ಯಾವುದೇ ನಿಗಾ ಗುಂಪಿನ ಕೈಪಿಡಿಯಲ್ಲಿ ಮೆಚ್ಚುಗೆ ಪಡೆಯುವಂಥದು: ಅಪರಿಚಿತ ವಾಹನವನ್ನು ಗಮನಿಸಿದರು, ಪಕ್ಕದ ಊರಿಗೆ ತಿಳಿಸಿದರು. ಸುದ್ದಿ ಠಾಣೆಯ ಬದಲು ಮುಂದಿನ ಊರಿನವರ ಕೈಗೆ ಹೋದದ್ದೇ ಎರಡನೆಯ ಅರ್ಧ. ಅವರು ಯಾವುದೇ ನೋಂದಾಯಿತ ಗುಂಪಿನ ಸದಸ್ಯರಾಗಿರಲಿಲ್ಲ ಎಂದು ವಾದಿಸಬಹುದು. ಮೇಲೆ (ಅ) ವರ್ಗದಲ್ಲಿ ಹೇಳಿದ ಗುಂಪುಗಳಿಗೂ ನೋಂದಣಿ ಇರುವುದಿಲ್ಲ.

ನಾಲ್ಕು ದಿನಗಳ ನಂತರ, ಜುಲೈ 17ರಂದು, ಸುಪ್ರೀಂ ಕೋರ್ಟು ತೆಹ್ಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪು ಹಿಂಸೆ ಕುರಿತ ನಿರ್ದೇಶನಗಳನ್ನು ಕೊಟ್ಟಿತು. ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು ಎಂಬುದು ಅವುಗಳಲ್ಲೊಂದು. ತೀರ್ಪು ಬೀದರಿನ ಘಟನೆಯಿಂದಾಗಿ ಬಂತು ಎಂಬ ಹೇಳಿಕೆಯನ್ನು ತಿದ್ದಬೇಕು. ಅರ್ಜಿ 2016ರದು. ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜಾತಿ, ಭಾಷೆ, ಹುಟ್ಟಿದ ಸ್ಥಳ ಮೊದಲಾದ ನೆಲೆಯಲ್ಲಿ ಮಾಡುವ ಕೊಲೆ ಈಗ ನ್ಯಾಯ ಸಂಹಿತೆಯ 103(2)ರಲ್ಲಿ ಪ್ರತ್ಯೇಕವಾಗಿದೆ. ವದಂತಿ ನಂಬಿ ಮಾಡಿದ ಕೊಲೆ ಆ ಉಪಕಲಮಿನೊಳಗೆ ಬರುವುದೇ ಎಂಬುದು ಬೇರೆ ಚರ್ಚೆ; ಸಾಮಾನ್ಯ ಕೊಲೆಯ ಕಲಮಿಗಂತೂ ಬರುತ್ತದೆ.

8. ಗಡಿ, ಪುಸ್ತಕ, ತೇದಿ

ಆರಂಭಿಸುವವರಿಗೆ ಮೊದಲು ಎದುರಾಗುವುದು ಗಡಿಯ ಪ್ರಶ್ನೆ. ಕ್ಷೇಮಾಭಿವೃದ್ಧಿ ಸಂಘಗಳು ವಾರ್ಡಿನ ಲೆಕ್ಕದಲ್ಲಿ ಯೋಚಿಸುತ್ತವೆ, ಠಾಣೆ ಬೀಟಿನ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ 198 ವಾರ್ಡುಗಳು 2022ರಲ್ಲಿ ಕಾಗದದ ಮೇಲೆ 243 ಆದವು, 2023ರಲ್ಲಿ 225 ಆದವು, 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಯಿತು. ಠಾಣೆಗಳ ಸರಹದ್ದು ಈ ಯಾವುದರ ಜೊತೆಗೂ ಸರಿಹೊಂದಬೇಕಾದ ನಿಯಮವಿಲ್ಲ. ಒಂದೇ ಅಡ್ಡರಸ್ತೆಯ ಎಡಬದಿ ಒಂದು ಠಾಣೆಗೂ ಬಲಬದಿ ಇನ್ನೊಂದಕ್ಕೂ ಸೇರಿರುವುದು ಅಪರೂಪವಲ್ಲ. ಗುಂಪಿನ ಗಡಿಯನ್ನು ಬೀಟಿನ ಗಡಿಗೆ ಹೊಂದಿಸಿಕೊಳ್ಳುವುದು ಲೇಸೆಂದು ತೋರುತ್ತದೆ, ಏಕೆಂದರೆ 112ಕ್ಕೆ ಕರೆ ಹೋದಾಗ ಬರುವವರು ವಾರ್ಡಿನವರಲ್ಲ.

ಎರಡನೆಯದು ದಾಖಲೆ. ಹಳೆಯ ಬಡಾವಣೆಗಳಲ್ಲಿ ದೇವಸ್ಥಾನದ ಕಂಬಕ್ಕೋ ಅಂಗಡಿಯ ಬಾಗಿಲಿಗೋ ಮನೆಯ ಕಾಂಪೌಂಡಿಗೋ ತಗುಲಿಸಿದ ‘ಪಾಯಿಂಟ್ ಬುಕ್’ ಇನ್ನೂ ಕಾಣಸಿಗುತ್ತದೆ: ಮಳೆಗೆ ಉಬ್ಬಿದ ರಟ್ಟು, ದಾರ ಕಟ್ಟಿದ ಪೆನ್ನು, ರಾತ್ರಿ ಗಸ್ತಿನವರ ರುಜು ಮತ್ತು ವೇಳೆ. ಕೆಲವೆಡೆ ಈಗ ಅದರ ಜಾಗದಲ್ಲಿ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದಾರೆ. ಆ ಪುಸ್ತಕದಲ್ಲಿರುವುದು ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು ಎಂಬುದಷ್ಟೇ. ಅಭಿಪ್ರಾಯಕ್ಕೆ ಕಾಲಂ ಇಲ್ಲ. ಬಡಾವಣೆಯ ಗುಂಪುಗಳ ಸಂದೇಶಗಳು ಇದಕ್ಕೆ ನೇರ ವಿರುದ್ಧ. ‘ಅನುಮಾನಾಸ್ಪದ ವ್ಯಕ್ತಿ ಓಡಾಡ್ತಿದಾನೆ, ಎಲ್ಲರೂ ಹುಷಾರ್’ ಎಂಬ ನಮೂದಿನಲ್ಲಿ ಬರೆದವರ ಭಯವಿದೆ, ಮಾಹಿತಿಯಿಲ್ಲ. ‘ರಾತ್ರಿ 2.10, ಮೂರನೇ ಅಡ್ಡರಸ್ತೆ, ಬೀಗ ಹಾಕಿದ ಹಸಿರು ಗೇಟಿನ ಮನೆ, ಇಬ್ಬರು ಕಾಂಪೌಂಡ್ ಹತ್ತಿದರು, ನಂಬರ್ ಪ್ಲೇಟ್ ಇಲ್ಲದ ಬೈಕ್, 112ಕ್ಕೆ 2.12ಕ್ಕೆ ಕರೆ’ ಎಂಬುದನ್ನು ಠಾಣೆ ಬಳಸಬಹುದು, ನಾಳೆ ನ್ಯಾಯಾಲಯವೂ ಬಳಸಬಹುದು. ಮೊದಲನೆಯ ಬಗೆಯ ಸಂದೇಶದ ಜೊತೆ ಅಪರಿಚಿತನ ಫೋಟೊ ಹಂಚುವ ರೂಢಿ ಖಾಸಗಿತನದ ಹಕ್ಕಿನ ಪ್ರಶ್ನೆಯನ್ನೂ ಎಬ್ಬಿಸುತ್ತದೆ. ಆ ಹಕ್ಕನ್ನು 2017ರ ಆಗಸ್ಟ್ 24ರಂದು ಸ್ಥಿರಪಡಿಸಿದ ತೀರ್ಪಿಗೆ ಹೆಸರು ಕೊಟ್ಟ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು ಎಂಬುದು ಪ್ರಾಸಂಗಿಕವಾಗಿ ನೆನೆಯಬೇಕಾದದ್ದು.

ಸೀಟಿ ಊದುತ್ತ ಕೋಲು ಬಡಿಯುತ್ತ ಬಂದು ತಿಂಗಳ ಕೊನೆಗೆ ಮನೆಮನೆಯಿಂದ ಹಣ ಪಡೆಯುವ ‘ಗೂರ್ಖಾ’ನನ್ನು ಹಲವು ಬಡಾವಣೆಗಳು ತಮ್ಮ ನಿಗಾ ವ್ಯವಸ್ಥೆಯ ಭಾಗವೆಂದೇ ಎಣಿಸುತ್ತವೆ. ಏಜೆನ್ಸಿಯ ಮೂಲಕ ನೇಮಿಸಿದ್ದರೆ ಆ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯಡಿ ಪರವಾನಗಿ ಇರಬೇಕು. ಅವನು ಈ ಟಿಪ್ಪಣಿಯ ಮೂರು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಕೊನೆಯದಾಗಿ ತೇದಿ. ಒಂದು ಗುಂಪು ಎಂದು ಆರಂಭವಾಯಿತು ಎಂದು ಕೇಳಿದರೆ ಕನಿಷ್ಠ ಮೂರು ಉತ್ತರ ಬರಬಹುದು: ವಾಟ್ಸ್ಆ್ಯಪ್ ಗುಂಪು ರಚನೆಯಾದ ದಿನ, ಠಾಣಾಧಿಕಾರಿಯೊಂದಿಗೆ ಮೊದಲ ಸಭೆ ನಡೆದ ದಿನ, ಬೀದಿ ತುದಿಯಲ್ಲಿ ಫಲಕ ನೆಟ್ಟ ದಿನ. ಇವುಗಳ ನಡುವೆ ತಿಂಗಳುಗಳೇ ಕಳೆಯಬಹುದು. ಮಾಲಿಂಗ್ಟನ್ನಿನ 1982 ಮತ್ತು ಲಂಡನ್ನಿನ 1983ರ ನಡುವಿನ ಗೊಂದಲ ಇದರದೇ ದೊಡ್ಡ ರೂಪ. ಮೂರೂ ತೇದಿಗಳನ್ನು, ಅವುಗಳ ಹಿಂದಿನ ಹನ್ನೆರಡು ತಿಂಗಳಲ್ಲಿ ಆ ಬೀಟಿನಲ್ಲಿ ದಾಖಲಾದ ಕಳವುಗಳ ಸಂಖ್ಯೆಯನ್ನು, ಹತ್ತಿರದ ಗುಂಪಿಲ್ಲದ ಒಂದು ಬೀಟಿನ ಅದೇ ಸಂಖ್ಯೆಯನ್ನು ಮೊದಲ ಪುಟದಲ್ಲಿ ಬರೆದಿಡಬೇಕು. ಬೆನೆಟ್ 1980ರ ದಶಕದಲ್ಲಿ ಲಂಡನ್ನಿನಲ್ಲಿ ಮಾಡಿದ್ದು ಸ್ಥೂಲವಾಗಿ ಇದೇ ಬಗೆಯ ಹೋಲಿಕೆ. ಅವರು ಅದಕ್ಕೆ ಠಾಣೆಯ ಅಂಕಿಗಳನ್ನಷ್ಟೇ ನೆಚ್ಚದೆ ಮನೆಮನೆಗೆ ಹೋಗಿ ಕೇಳಿದ್ದರು, ಏಕೆಂದರೆ ನಿಗಾ ಗುಂಪು ಹುಟ್ಟಿದ ಮೇಲೆ ಜನ ದೂರು ಕೊಡುವುದು ಹೆಚ್ಚಿದರೆ ಠಾಣೆಯ ಪುಸ್ತಕದಲ್ಲಿ ಅಪರಾಧ ಏರಿದಂತೆ ಕಾಣುತ್ತದೆ.